ಬೆಟ್ಟದ ಮೇಲೊಬ್ಬ ಭಾವ: ಬಿಳಿಗಿರಿಯಿಂದ ಮಾದಪ್ಪನ ಮಲೆಗೆ ನಾಲ್ಕು ದಿನ

ಮೊದಲ ದಿನ: ಸ್ಟೆಪ್ನಿ ಕೊಟ್ಟ ದರ್ಶನ

ಹೊರಡುವ ಹಿಂದಿನ ರಾತ್ರಿ ಅಕ್ಕ ಒಂದೇ ಪ್ರಶ್ನೆ ಕೇಳಿದ್ದಳು. "ಏನ್ರೀ, ಸ್ಟೆಪ್ನಿಗೆ ಗಾಳಿ ಹಿಡಿಸಿದ್ರಾ?" ಭಾವ ಟಿವಿಯಿಂದ ಕಣ್ಣು ತೆಗೆಯದೆ "ಹೂಂ" ಅಂದರು. ಆ "ಹೂಂ" ನಂಬಿಕೊಂಡು ನಾವು ಮೂವರೂ ಮೈಸೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಹೊರಟೆವು.

ಡಿಸೆಂಬರಿನ ಎರಡನೇ ವಾರ. ಕಾರ್ತಿಕ ಮುಗಿದಿತ್ತು, ಜಾತ್ರೆಗಳ ಗದ್ದಲ ಇರಲಿಲ್ಲ. ಮಂಗಳವಾರ ಹೊರಟಿದ್ದೂ ಬೇಕೆಂದೇ. ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ಸೋಮವಾರ, ಅಮಾವಾಸ್ಯೆ ಎರಡನ್ನೂ ತಪ್ಪಿಸಿಕೊಂಡು ಹೋದರೆ ಮಾತ್ರ ನಿಂತು ನೋಡೋಕೆ ಜಾಗ ಸಿಗುತ್ತದೆ ಅಂತ ಹೋಗಿಬಂದವರು ಹೇಳಿದ್ದರು. ಅದು ನೂರಕ್ಕೆ ನೂರು ನಿಜ.

ನಂಜನಗೂಡಿನಲ್ಲಿ ಕಪಿಲೆಯ ಮೇಲೆ ಇನ್ನೂ ಮಂಜಿತ್ತು. ರಸ್ತೆ ಪಕ್ಕ ಒಂದು ಗೊನೆ ರಸಬಾಳೆ ಕಂಡ ಕೂಡಲೇ ಅಕ್ಕ ಕಾರು ನಿಲ್ಲಿಸಿದಳು. ನಿಜವಾದ ನಂಜನಗೂಡು ರಸಬಾಳೆ ಈಗ ಸಿಗೋದೇ ಅಪರೂಪ, ಅಲ್ವಾ. ಇದು ನಿಜವಾದದ್ದೋ ಅಲ್ಲವೋ ಕೊನೆವರೆಗೂ ತೀರ್ಮಾನ ಆಗಲಿಲ್ಲ. ಎರಡು ಚಿಪ್ಪು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿತು. ಕಾರಿನ ತುಂಬ ಅದರದ್ದೇ ಪರಿಮಳ.

ಚಾಮರಾಜನಗರದಲ್ಲಿ ತಿಂಡಿ. ಈ ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರು ಅಂತ 1818ರಲ್ಲಿ ಅವರ ಹೆಸರನ್ನೇ ಇಟ್ಟರು. ಭಾವ ಹಳೆಯ ಹೆಸರೇ ಚೆನ್ನಾಗಿತ್ತು ಅಂದರು. ಶತ್ರುಗಳಿಗೆ ಕೊಡಲಿ ಅಂತ ಅರ್ಥ. ಇಂಥ ಹೆಸರನ್ನು ಯಾರಾದರೂ ಬಿಡುತ್ತಾರಾ ಅನ್ನೋದು ಅವರ ವಾದ.

ಊರು ದಾಟಿ ಸ್ವಲ್ಪ ದೂರಕ್ಕೆ ಅರಣ್ಯ ಇಲಾಖೆಯ ಗೇಟು. ಕಾರಿನ ನಂಬರು, ಒಳಗೆ ಹೋದ ಹೊತ್ತು ಬರೆದು ಒಂದು ಚೀಟಿ ಕೊಟ್ಟರು. ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದು, ಇಳಿಯಬಾರದು, ಆಚೆ ಗೇಟಿನಲ್ಲಿ ಚೀಟಿ ತೋರಿಸಬೇಕು. ಸಂಜೆ ಆರಕ್ಕೆ ಗೇಟು ಮುಚ್ಚುತ್ತದೆ, ಹಾಗಾಗಿ ಮಧ್ಯಾಹ್ನದೊಳಗೆ ಬಂದುಬಿಡುವುದು ಜಾಣತನ. ನಾವು ಹನ್ನೊಂದಕ್ಕೇ ಬಂದಿದ್ದೆವು. ಭಾವನ ಮುಖದಲ್ಲಿ ಹೆಮ್ಮೆ.

ಮೊದಲ ಕೆಲವು ಕಿಲೋಮೀಟರು ಕುರುಚಲು ಕಾಡು. ಬಿಸಿಲು, ಒಣ ಹುಲ್ಲು, ಅಲ್ಲಲ್ಲಿ ಬೋಳು ಬಂಡೆ. ರಸ್ತೆಯ ಎರಡೂ ಬದಿ ಮಾತ್ರ ಹೂವೋ ಹೂವು. ಹಳದಿ, ಕೆಂಪು, ಗುಲಾಬಿ, ಎಲ್ಲಾ ಒಂದೇ ಗೊಂಚಲಿನಲ್ಲಿ. ನಾನು ಕಿಟಕಿಯಿಂದಲೇ ಹದಿನಾಲ್ಕು ಫೋಟೋ ತೆಗೆದೆ. ಅದು ಲಂಟಾನ ಅಂತ ಗೊತ್ತಿತ್ತು. ಅದು ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ.

ಹದಿನಾಲ್ಕನೇ ಫೋಟೋ ತೆಗೆಯುವಾಗಲೇ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು.

ನಿಲ್ಲಿಸಬಾರದ ದಾರಿ, ಇಳಿಯಬಾರದ ಜಾಗ. ಹತ್ತು ಹೆಜ್ಜೆ ಮುಂದೆ ರಸ್ತೆ ಮೇಲೆ ಆನೆ ಲದ್ದಿ, ಇನ್ನೂ ಹಸಿ. ಭಾವ ಇಳಿದು ಡಿಕ್ಕಿ ತೆಗೆದು ಸ್ಟೆಪ್ನಿ ಒತ್ತಿ ನೋಡಿದರು. ಹೆಬ್ಬೆರಳು ಒಳಗೆ ಹೋಯಿತು. ಅಕ್ಕ ಏನೂ ಅನ್ನಲಿಲ್ಲ. ಅದು ಅಂದದ್ದಕ್ಕಿಂತ ಜಾಸ್ತಿ ಆಯಿತು.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಬೈಯಲು ಶುರು ಮಾಡಿದರು. ಬೈಯುತ್ತಲೇ ಇಳಿದರು. ಅವರ ಹಿಂದೆ ನಾಲ್ಕು ಜನ ಇಳಿದರು. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು, ಚಾಮರಾಜನಗರದಲ್ಲಿ ಸಂತೆ ಮುಗಿಸಿಕೊಂಡು ಮನೆಗೆ ಹೊರಟವರು. ಒಬ್ಬ ಜಾಕು ಹಾಕಿದ, ಇಬ್ಬರು ನಟ್ಟು ಬಿಚ್ಚಿದರು. ನಾಲ್ಕನೆಯ ಅಜ್ಜ ಮಾತ್ರ ಕಾರಿನೊಳಗೆ ಬಗ್ಗಿ ಮೂಸಿ ನೋಡಿ ನಗಲು ಶುರು ಮಾಡಿದರು.

"ಬಾಳೆಹಣ್ಣ ಮಡಿಕಂಡು ಆನೆ ದಾರೀಲಿ ನಿಂತವ್ರಲ್ಲ ಸಾಮಿ! ಯಾರ್ಗ ಊಟ?"

ಐದೇ ನಿಮಿಷ. ಗಾಲಿ ಬದಲಾಯಿತು. ದುಡ್ಡು ಕೊಡಲು ಹೋದರೆ ಯಾರೂ ಮುಟ್ಟಲಿಲ್ಲ. ಅಕ್ಕ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟಳು, ಅದನ್ನು ಖುಷಿಯಾಗಿ ತಗೊಂಡರು. ಬಸ್ಸಿನ ಡ್ರೈವರ್ ಮಾತ್ರ ನಮ್ಮ ಸ್ಟೆಪ್ನಿ ನೋಡಿ ಹೇಳಿದರು, ಮುಂದೆ ಕೆ. ಗುಡಿಯಲ್ಲಿ (ಕ್ಯಾತದೇವರಗುಡಿ) ಯಾರ ಹತ್ತಿರವಾದರೂ ಪಂಪು ಸಿಗುತ್ತದೆ, ಅಲ್ಲಿವರೆಗೆ ನಡೆಯುವ ವೇಗದಲ್ಲಿ ಬನ್ನಿ ಅಂತ.

ಹಾಗಾಗಿ ನಾವು ಈ ಕಾಡನ್ನು ನೋಡಿದ್ದು ನಡೆಯುವ ವೇಗದಲ್ಲಿ. ಗಾಳಿ ಸರಿಯಾಗಿದ್ದಿದ್ದರೆ ಅರ್ಧಗಂಟೆಯಲ್ಲಿ ದಾಟಿಬಿಡುತ್ತಿದ್ದೆವು, ಏನೂ ಕಾಣುತ್ತಿರಲಿಲ್ಲ. ನಿಧಾನಕ್ಕೆ ಹೋದರೆ ಕಾಡು ಬದಲಾಗುವುದು ಕಣ್ಣಿಗೇ ಬೀಳುತ್ತದೆ. ಕುರುಚಲು ಮುಗಿದು ದಿಂಡಿಲು, ಮತ್ತಿ, ಹೊನ್ನೆ ಶುರುವಾದವು. ಮರಗಳು ಎತ್ತರವಾದವು. ನೆರಳು ದಪ್ಪವಾಯಿತು. ಕಿಟಕಿಯಿಂದ ಬರುವ ಗಾಳಿ ತಣ್ಣಗಾಯಿತು. ಬುಡದಲ್ಲಿ 600 ಮೀಟರ್ ಆಸುಪಾಸಿನಲ್ಲಿ ಶುರುವಾಗುವ ಈ ಬೆಟ್ಟಸಾಲು, ಕತ್ತರಿಬೆಟ್ಟದ ತುದಿಯಲ್ಲಿ 1,800 ಮೀಟರ್ ಮುಟ್ಟುತ್ತದೆ. ಅಷ್ಟರೊಳಗೆ ಮುಳ್ಳುಗಂಟಿಯಿಂದ ಹಿಡಿದು ಶೋಲಾ ಕಾಡು, ಹುಲ್ಲುಗಾವಲಿನವರೆಗೆ ಎಲ್ಲವೂ ಇದೆ. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಕೊಟ್ಟುಕೊಳ್ಳುವ ಜಾಗ ಇದು. ಆನೆಗಳಿಗೆ ಇದು ಆ ಕಡೆಯಿಂದ ಈ ಕಡೆಗೆ ಹೋಗುವ ಸೇತುವೆ.

ಆನೆಗಳ ದಾರಿ ಅಂದಮೇಲೆ ಆನೆ ಹಿಡಿಯುವವರೂ ಇಲ್ಲಿಗೇ ಬಂದಿದ್ದರು. ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸಂಸ್ಥಾನಕ್ಕಾಗಿ 1870ರ ದಶಕದಲ್ಲಿ ಖೆಡ್ಡಾ ಮಾಡಿದ್ದು ಚಾಮರಾಜನಗರದ ಈ ಕಾಡಂಚಿನಲ್ಲೇ. ನಡೆಯುವ ವೇಗದಲ್ಲೇ ಕೆ. ಗುಡಿ ಸೇರಿದೆವು. ಅಲ್ಲಿ ಪಂಪು ಸಿಕ್ಕಿತು. ಗಾಳಿ ಹೊಡೆಯುತ್ತಾ ಭಾವ ಬೆವರಿದರು. ಅಕ್ಕ ಉಳಿದ ಚಿಪ್ಪಿನಿಂದ ಒಂದು ಹಣ್ಣು ಸುಲಿದು ತಿನ್ನುತ್ತಾ ನೋಡುತ್ತಿದ್ದಳು.

ಆಚೆ ಗೇಟಿನಲ್ಲಿ ಚೀಟಿ ತೋರಿಸಿದಾಗ ಹೊತ್ತು ಮೀರಿತ್ತು. ಬಸ್ಸಿನವರು ಮೊದಲೇ ಹೇಳಿಹೋಗಿದ್ದರಂತೆ. "ಆ ಬಾಳೆಹಣ್ಣಿನ ಗಾಡಿನಾ? ಹೋಗಿ ಹೋಗಿ" ಅಂದರು. ಚೀಟಿ ಭಾವನ ಜೇಬಿನಲ್ಲೇ ಉಳಿಯಿತು.

ಎರಡನೇ ದಿನ: ರಂಗಪ್ಪನ ನೆಂಟರು

ರಾತ್ರಿ ಚಳಿ ಹೇಗಿತ್ತೆಂದರೆ ಎರಡು ಕಂಬಳಿ ಸಾಲಲಿಲ್ಲ. ಮೈಸೂರಿನ ಚಳಿ ನೆನೆದು ತೆಳು ಸ್ವೆಟರ್ ತಂದಿದ್ದೆ. ಡಿಸೆಂಬರಿನಲ್ಲಿ ಹೋಗುವವರು ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಎದುರಿನ ಮರವೇ ಇಲ್ಲ. ಬರೀ ಬಿಳಿ. ಬಿಳಿಗಿರಿ ಅನ್ನುವ ಹೆಸರು ಬಿಳಿ ಬಂಡೆಯಿಂದ ಬಂತು ಅನ್ನುತ್ತಾರೆ ಕೆಲವರು, ಈ ಮಂಜಿನಿಂದ ಅನ್ನುತ್ತಾರೆ ಇನ್ನು ಕೆಲವರು. ಆ ಹೊತ್ತಿನಲ್ಲಿ ನಾನು ಎರಡನೇ ಪಕ್ಷ.

ಗುಡಿ ಇರುವುದು ಬಂಡೆಯ ಅಂಚಿನಲ್ಲಿ. ಮೆಟ್ಟಿಲು ಹತ್ತಿ ಹೋದರೆ ಪಶ್ಚಿಮಕ್ಕೆ ಕೆಳಗಿನ ಬಯಲು ಕಾಣಬೇಕು. ನಮಗೆ ಕಂಡಿದ್ದು ಮೋಡದ ಬೆನ್ನು. ರಂಗನಾಥ ಅಂದರೆ ಮಲಗಿರುವವನು ಅಂತಲೇ ನಮ್ಮ ಲೆಕ್ಕ, ಶ್ರೀರಂಗಪಟ್ಟಣದಲ್ಲಿ ನೋಡಿ ಅಭ್ಯಾಸ. ಇಲ್ಲಿ ಎದ್ದು ನಿಂತಿದ್ದಾನೆ. ಯಾಕೆ ಅಂತ ಕೇಳಿದ್ದಕ್ಕೆ ಮೆಟ್ಟಿಲ ಮೇಲೆ ಕೂತಿದ್ದವರೊಬ್ಬರು "ರಾತ್ರಿ ಎಲ್ಲ ಕಾಡು ಸುತ್ತಬೇಕಲ್ಲ, ಮಲಗಿದರೆ ಆಯ್ತದಾ?" ಅಂದರು.

ಸುತ್ತುವುದಕ್ಕೆ ಸಾಕ್ಷಿಯೂ ಇದೆ. ದೊಡ್ಡ ಚರ್ಮದ ಚಪ್ಪಲಿ. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಎರಡು ವರ್ಷಕ್ಕೊಮ್ಮೆ ಹೊಸ ಜೋಡಿ ಹೊಲಿದು ತಂದು ಒಪ್ಪಿಸುತ್ತಾರೆ, ಅಷ್ಟರಲ್ಲಿ ಹಳೆಯದು ರಂಗಪ್ಪ ತಿರುಗಾಡಿ ಸವೆದಿರುತ್ತದೆ ಅಂತ ನಂಬಿಕೆ. ಭಕ್ತರ ತಲೆಗೆ ಅದನ್ನು ಮುಟ್ಟಿಸಿ ಹರಸುತ್ತಾರೆ. ನಮ್ಮ ಮೂವರಿಗೂ ಆಯಿತು. ಮುಟ್ಟಿಸಿದ್ದು ಅನ್ನುವುದಕ್ಕಿಂತ ಕೊಟ್ಟಿದ್ದು ಅನ್ನಬೇಕು, ಸದ್ದು ಕೇಳಿಸಿತು. ಭಾವನಿಗೆ ಸ್ವಲ್ಪ ಜೋರಾಗಿಯೇ ಬಿತ್ತು. ಅಕ್ಕ ಕಣ್ಣು ಮುಚ್ಚಿ ಕೈ ಮುಗಿದಳು. ಸ್ಟೆಪ್ನಿ ಲೆಕ್ಕ ಚುಕ್ತಾ ಆಯಿತು ಅನ್ನಿಸಿತು.

ಕೆಳಗೆ ಟೀ ಅಂಗಡಿಯ ಬೆಂಚಿನ ಮೇಲೆ ನೆಲ್ಲಿಕಾಯಿ ಗುಡ್ಡೆ ಹಾಕಿಕೊಂಡು ಒಬ್ಬರು ಸೋಲಿಗರ ಅಜ್ಜಿ ಕೂತಿದ್ದರು. ನಾನು ಅಷ್ಟು ಹೊತ್ತಿಗೆ "ಭಾವ, ಟೀ ಹೇಳಿ" ಅಂದೆ. ಅಜ್ಜಿ ತಲೆ ಎತ್ತಿದರು.

"ಇವ್ರು ನಿನ್ಗ ಭಾವನಾ?"

"ಹೌದಜ್ಜಿ. ಅಕ್ಕನ್ನ ಕೊಟ್ಟಿದ್ದೇವೆ."

"ನಮ್ಗೂ ಒಬ್ಬ ಅವ್ನೆ, ಮ್ಯಾಲ" ಅಂತ ಗುಡಿಯ ಕಡೆ ಗಲ್ಲ ಎತ್ತಿದರು. "ನಮ್ ಕುಸುಮಾಲೆನ ಕಟ್ಕಂಡವ್ನೆ. ರಂಗಭಾವ."

ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗ ಕಾಡಿನಲ್ಲಿ ಕಂಡು ಮೆಚ್ಚಿ ಮದುವೆಯಾದ. ಅಂದಿನಿಂದ ಅವನು ಇಡೀ ಕುಲಕ್ಕೆ ಭಾವ. ಕಥೆ ಇಷ್ಟೇ ಆಗಿದ್ದರೆ ಎಲ್ಲೋ ಕೇಳಿ ಮರೆಯುತ್ತಿದ್ದೆ. ಅಜ್ಜಿ ಅದನ್ನು ಹೇಳಿದ ರೀತಿ ಬೇರೆ. ಮಳೆ ಬರಲಿಲ್ಲ ಅಂದರೆ ಹರಕೆ ಕಟ್ಟಿಕೊಳ್ಳುತ್ತೀರಾ ಅಂತ ಅಕ್ಕ ಕೇಳಿದಳು. "ಭಾವ್ನಿಗೆ ಯಾರವ್ವ ಹರಕೆ ಕಟ್ಟೋರು? ಬೈಯೋದೇ" ಅಂದರು. ನಮ್ಮ ಕಡೆ ಅಕ್ಕನ ಗಂಡನನ್ನು ರೇಗಿಸುವುದು ಹುಟ್ಟಿನಿಂದ ಬಂದ ಹಕ್ಕು. ದೇವರ ಮೇಲೂ ಅದೇ ಹಕ್ಕು ಇಟ್ಟುಕೊಂಡವರನ್ನು ನಾನು ನೋಡಿದ್ದು ಇದೇ ಮೊದಲು. ನಾನು ಟೀ ಕುಡಿಯುತ್ತಾ ಭಾವನನ್ನು ಹೊಸ ಗೌರವದಿಂದ ನೋಡಿದೆ. ಅವರು ತಲೆ ಸವರಿಕೊಳ್ಳುತ್ತಿದ್ದರು.

ಮಧ್ಯಾಹ್ನ ನಮ್ಮ ಜೊತೆ ಬಂದವನು ಒಬ್ಬ ಸೋಲಿಗ ಯುವಕ. ಪದವಿ ಓದಿದ್ದಾನೆ. ಅವನ ಶಾಲೆ ಶುರುವಾಗಿದ್ದು ಇಲ್ಲಿನ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಲ್ಲಿ. ಡಾಕ್ಟರ್ ಎಚ್. ಸುದರ್ಶನ್ ವೈದ್ಯಕೀಯ ಓದಿ ಈ ಬೆಟ್ಟಕ್ಕೆ ಬಂದು 1981ರಲ್ಲಿ ಕಟ್ಟಿದ ಸಂಸ್ಥೆ ಅದು. 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿದ್ದನ್ನು ಹುಡುಗ ಹೇಳಿದ್ದು ಒಂದೇ ಸಾಲಿನಲ್ಲಿ. ಹಾವು ಕಚ್ಚಿದವರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿದ್ದುದನ್ನು ಹೇಳಿದ್ದು ಹತ್ತು ನಿಮಿಷ.

ನನಗೆ ದೊಡ್ಡ ಸಂಪಿಗೆ ನೋಡಬೇಕಿತ್ತು. ಕಾಡಿನ ಒಳಗೆ ಹೊಳೆ ಬದಿಯಲ್ಲಿರುವ ನೂರಾರು ವರ್ಷದ ಸಂಪಿಗೆ ಮರ, ಸೋಲಿಗರ ದೈವ. ಹೋಗಲು ಇಲಾಖೆಯ ಅನುಮತಿ ಬೇಕು, ನಾವು ಮೊದಲೇ ಕೇಳಿರಲಿಲ್ಲ. ಹೋಗಬೇಕೆಂದಿರುವವರು ಬೆಟ್ಟಕ್ಕೆ ಬಂದಮೇಲೆ ಕೇಳಿದರೆ ತಡ, ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಹುಡುಗ ಕೈಯಲ್ಲೇ ತೋರಿಸಿದ. ಬುಡ ಇಷ್ಟು ದಪ್ಪ, ಸುತ್ತ ಪೂಜೆಯ ಕಲ್ಲುಗಳು, ಬೇಸಿಗೆಯಲ್ಲಿ ಹೂ ಬಿಟ್ಟರೆ ಹೊಳೆಯ ಆಚೆಗೂ ಪರಿಮಳ. ನೋಡದೆ ಬಂದ ಮರಗಳಲ್ಲಿ ಇದೊಂದೇ ನನಗೆ ಚೆನ್ನಾಗಿ ನೆನಪಿರುವುದು.

ಬದಲಿಗೆ ಅವನ ಪೋಡಿಗೆ ಹೋದೆವು. ಸೋಲಿಗರ ಪುಟ್ಟ ಊರಿಗೆ ಪೋಡು ಅನ್ನುತ್ತಾರೆ. ಮನೆಗಳ ಹಿಂದೆ ನೆರಳಲ್ಲಿ ಕಾಫಿ, ಹಣ್ಣು ಕೆಂಪಾಗಿತ್ತು. ಅಂಗಳದಲ್ಲಿ ರಾಗಿ ತೆನೆ. ಹೊಲದ ಅಂಚಿನ ಮರದ ಮೇಲೆ ಅಟ್ಟಣೆ. ರಾಗಿ ಮನೆಗೆ ಬರುವವರೆಗೆ ರಾತ್ರಿ ಅಲ್ಲೇ ಕಾವಲು, ಆನೆಗೆ ಕೂಗು ಹಾಕಲು.

ದಾರಿಯಲ್ಲಿ ಅವನು ಬೆಟ್ಟಗಳನ್ನು ತೋರಿಸಿದ. ನಮಗೆ ಕಂಡಿದ್ದು ಹಸಿರು, ಅದರ ಹಿಂದೆ ಇನ್ನೊಂದು ಹಸಿರು. ಅವನಿಗೆ ಕಂಡಿದ್ದು ಬೇರೆ. ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ ಇದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಅಂದರೆ ನೀರಿನ ತಾಯಿ, ತೊರೆಯ ಹತ್ತಿರ ಇರುತ್ತಾಳೆ. ಕಲ್ಲುಗುಡಿ ತೀರಿಹೋದ ಹಿರಿಯರ ಜಾಗ. ಹುಲಿ ಹುಲಿವೀರಪ್ಪ. "ಹುಲಿ ನೋಡಿದ್ದೀಯಾ?" ಅಂತ ಭಾವ ಕೇಳಿದರು, ಪ್ರವಾಸಿಗರ ಖಾಯಂ ಪ್ರಶ್ನೆ. "ಅದು ನಮ್ಮನ್ನ ದಿನಾ ನೋಡ್ತದೆ ಸರ್" ಅಂದ.

ನಾನು ಫೋನು ತೆಗೆದು ಹೆಮ್ಮೆಯಿಂದ ಹದಿನಾಲ್ಕು ಫೋಟೋ ತೋರಿಸಿದೆ. ಹುಡುಗ ಸರಿಸಿ ಸರಿಸಿ ನೋಡಿ ಫೋನು ವಾಪಸ್ಸು ಕೊಟ್ಟ. ಆಮೇಲೆ ದಾರಿ ಬಿಟ್ಟು ಇಪ್ಪತ್ತು ಹೆಜ್ಜೆ ಒಳಗೆ ಕರೆದುಕೊಂಡು ಹೋದ. ಇಪ್ಪತ್ತೊಂದನೇ ಹೆಜ್ಜೆ ಇಡಲು ಆಗಲಿಲ್ಲ. ಲಂಟಾನ ಎದೆಮಟ್ಟ, ಎಲ್ಲೋ ಕೆಲವು ಕಡೆ ತಲೆಯ ಮೇಲೆ. ಒಳಗೆ ಬೇರೆ ಒಂದು ಗಿಡವಿಲ್ಲ, ಹುಲ್ಲಿಲ್ಲ. ಜಿಂಕೆಗೆ ಮೇವಿಲ್ಲ, ಗೆಣಸು ಅಗೆಯಲು ದಾರಿಯಿಲ್ಲ, ಎದುರಿಗೆ ಕರಡಿ ಬಂದರೂ ಕಾಣುವುದಿಲ್ಲ. ಅಮೆರಿಕ ಖಂಡದ ಗಿಡ, ಬ್ರಿಟಿಷರು ತೋಟದ ಅಂದಕ್ಕೆ 19ನೇ ಶತಮಾನದ ಶುರುವಿನಲ್ಲಿ ಭಾರತಕ್ಕೆ ತಂದಿದ್ದು.

"ಮೊದ್ಲು ಇಷ್ಟು ಇರ್ಲಿಲ್ಲ ಸರ್. ತರಗು ಬೆಂಕಿ ಇತ್ತು."

ತರಗು ಬೆಂಕಿ ಅಂದರೆ ಚಳಿಗಾಲ ಮುಗಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುವಾಗ, ಉದುರಿದ ಎಲೆಗೆ ಹಚ್ಚುವ ಸಣ್ಣ ಬೆಂಕಿ. ಮೊಣಕಾಲೆತ್ತರ ಬರುತ್ತದೆ, ಮರ ಮುಟ್ಟುವುದಿಲ್ಲ, ಸಂಜೆಗೆ ತಾನೇ ಆರುತ್ತದೆ. ಲಂಟಾನದ ಸಸಿ ಸಾಯುತ್ತದೆ, ಹೊಸ ಹುಲ್ಲು ಬರುತ್ತದೆ. 1974ರಲ್ಲಿ ಇದು ಅಭಯಾರಣ್ಯ ಆಯಿತು. ಬೇಟೆ ನಿಂತಿತು, ಜಾಗ ಬದಲಿಸಿ ಮಾಡುವ ಬೇಸಾಯ ನಿಂತಿತು, ಬೆಂಕಿಯೂ ನಿಂತಿತು. ಬೇಟೆ ನಿಂತಿದ್ದು ಒಳ್ಳೆಯದೇ ಅಂತ ಅವನೇ ಹೇಳಿದ. ಬೆಂಕಿಯ ವಿಷಯಕ್ಕೆ ಮಾತ್ರ ತಲೆ ಅಲ್ಲಾಡಿಸಿದ. ಈಗ ಬೇಸಿಗೆಯಲ್ಲಿ ಎಲ್ಲಾದರೂ ಕಿಡಿ ಬಿದ್ದರೆ ಅದು ಸಣ್ಣ ಬೆಂಕಿ ಆಗಿ ಉಳಿಯುವುದಿಲ್ಲ. ಒಣಗಿದ ಲಂಟಾನ ಸೌದೆಯ ಹಾಗೆ ಉರಿದು ಮರದ ನೆತ್ತಿಗೆ ಏರುತ್ತದೆ.

ನೆಲ್ಲಿ ಮರದ ಕೆಳಗೆ ನಿಂತು ಮೇಲೆ ತೋರಿಸಿದ. ಒಂದೇ ಮರದಲ್ಲಿ ಎರಡು ಥರದ ಎಲೆ. ಒಂದು ನೆಲ್ಲಿಯ ಸಣ್ಣ ಎಲೆ, ಇನ್ನೊಂದು ದಪ್ಪ ಎಲೆಯ ಬದನಿಕೆ. ಸೋಲಿಗರು ಅದಕ್ಕೆ ಉಪ್ಪಿಲು ಅನ್ನುತ್ತಾರೆ. ಮರದ ರಸ ಕುಡಿದೇ ಬೆಳೆಯುತ್ತದೆ, ಕೊನೆಗೆ ಕೊಂಬೆ ಒಣಗುತ್ತದೆ. ತರಗು ಬೆಂಕಿ ಇದ್ದಾಗ ಇದೂ ಹತೋಟಿಯಲ್ಲಿತ್ತು ಅಂತ ಹಿರಿಯರ ಮಾತು. ಆ ಮಾತನ್ನು ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಆಮೇಲೆ ವಿಜ್ಞಾನಿಗಳೇ ಬಂದು ಮರ ಎಣಿಸಿ ಅಭ್ಯಾಸ ಮಾಡಿದರು. ಸೈನ್ಸ್ ಓದಿದ ಭಾವ ಇಲ್ಲಿ ಬಹಳ ಪ್ರಶ್ನೆ ಕೇಳಿದರು. ನನಗೆ ಹೊಳೆದಿದ್ದು ಬೆಳಿಗ್ಗೆಯ ಅಜ್ಜಿ. ಮನೆಯವರ ಹಾಗೆ ನೋಡಿಕೊಂಡವರು ಬೈಯುತ್ತಾರೆ, ತಿದ್ದುತ್ತಾರೆ, ಆಗಾಗ ಸ್ವಲ್ಪ ಸುಡುತ್ತಾರೆ ಕೂಡ. ನಾವು ಫೋಟೋ ತೆಗೆಯುತ್ತೇವೆ.

2011ರಲ್ಲಿ ಇಲ್ಲಿ ಎರಡು ಕೆಲಸ ಆಯಿತು. ವರ್ಷದ ಶುರುವಿನಲ್ಲಿ ಹುಲಿ ರಕ್ಷಿತ ಪ್ರದೇಶ ಅಂತ ಘೋಷಣೆ. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸೋಲಿಗರಿಗೆ ಕಾಡಿನ ಮೇಲೆ ಸಮುದಾಯದ ಹಕ್ಕು. ಹುಲಿ ರಕ್ಷಿತ ಪ್ರದೇಶದ ಒಳಗೇ ಇದ್ದುಕೊಂಡು ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಜೇನು, ನೆಲ್ಲಿ, ಪಾಚಿ ತರಲು ಈಗ ಅಡ್ಡಿಯಿಲ್ಲ. ಬೆಂಕಿಗೆ ಮಾತ್ರ ಇನ್ನೂ ಅನುಮತಿ ಇಲ್ಲ.

ರಾತ್ರಿ ಅವನ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು, ಸುಟ್ಟ ನೂರೆ ಗೆಣಸು. ಗೆಣಸಿಗೆ ಜೇನು ಅದ್ದಿ ಕೊಟ್ಟರು. ಜೇನಿನಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಅಂತ ನಾಲ್ಕು ಬಗೆ. ಇದು ಹೆಜ್ಜೇನು, ಸ್ವಲ್ಪ ಕಹಿ, ಗಂಟಲಲ್ಲಿ ಬಹಳ ಹೊತ್ತು ಉಳಿಯುತ್ತದೆ. ಹುಟ್ಟಿ ಪೂರ್ತಿ ಕೀಳುವುದಿಲ್ಲ, ಹುಳಕ್ಕೂ ಸ್ವಲ್ಪ ಬಿಟ್ಟು ಬರಬೇಕು ಅಂದರು ಹುಡುಗನ ಅಪ್ಪ. ಹೊರಡುವಾಗ ಅವರ ತಾಯಿ ಅಕ್ಕನ ಸೆರಗಿಗೆ ಒಂದು ಸೇರು ನೆಲ್ಲಿಕಾಯಿ ಸುರಿದರು.

ಮೂರನೇ ದಿನ: ಮೆಕ್ಕೆಜೋಳ, ಮೋಮೊ, ಎಪ್ಪತ್ತೇಳು ಮಲೆ

ಯಳಂದೂರಿನ ಕಡೆ ಇಳಿದೆವು. ಇಳಿಯುತ್ತಾ ಇಳಿಯುತ್ತಾ ಸ್ವೆಟರ್ ಕಳಚಿತು, ಟೋಪಿ ಕಳಚಿತು. ಯಳಂದೂರಿನಲ್ಲಿ ಗೌರೀಶ್ವರ ಗುಡಿಯ ಬಳೆಮಂಟಪ ನೋಡಲು ಹತ್ತು ನಿಮಿಷ ಸಾಕು ಅಂದುಕೊಂಡು ಒಂದು ಗಂಟೆ ನಿಂತೆವು. ಒಂದೇ ಕಲ್ಲಿನಲ್ಲಿ ಬಳೆಯ ಸರಪಳಿ ಕೆತ್ತಿದ್ದಾರೆ, ಬಳೆಯೊಳಗೆ ಬಳೆ. ಈ ಊರು ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಕೊಳ್ಳೇಗಾಲದಲ್ಲಿ ಪಂಕ್ಚರ್ ಹಾಕಿಸಿ, ಸ್ಟೆಪ್ನಿಗೆ ಗಾಳಿ ತುಂಬಿಸಿ, ಅಕ್ಕ ತಾನೇ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ಹನೂರಿಗೆ ನೇರ ದಾರಿ ಇದೆ. ನಾವು ಬೇಕೆಂದೇ ಗುಂಡಾಲ್ ಜಲಾಶಯದ ಕಡೆ ತಿರುಗಿ ಒಡೆಯರಪಾಳ್ಯಕ್ಕೆ ಹೋದೆವು. ಬಯಲು, ಒಣ ಹೊಲ, ಸುತ್ತ ನೀಲಿ ಬೆಟ್ಟ. ಇದ್ದಕ್ಕಿದ್ದಂತೆ ಗಾಳಿಗೆ ಬಣ್ಣದ ಬಾವುಟಗಳು. ಟಿಬೆಟಿನಿಂದ ಬಂದವರ ನೆಲೆ ಇದು, ಹೆಸರು ಧೊಂಡೆನ್‌ಲಿಂಗ್. ಬೈಲುಕುಪ್ಪೆಯಷ್ಟು ಜನ ಇಲ್ಲಿಗೆ ಬರುವುದಿಲ್ಲ, ಹಾಗಾಗಿ ಸದ್ದಿಲ್ಲ. ಮನೆ ಮುಂದೆಲ್ಲ ಮೆಕ್ಕೆಜೋಳ ಒಣಗಿಸಿದ್ದರು. ಜೋಗ್ಚೆನ್ ಮಠದ ಅಂಗಳದಲ್ಲಿ ಪುಟ್ಟ ಸನ್ಯಾಸಿಗಳು ಕ್ರಿಕೆಟ್ ಆಡುತ್ತಿದ್ದರು.

ಸಣ್ಣ ಹೋಟೆಲಿನಲ್ಲಿ ವಯಸ್ಸಾದ ಟಿಬೆಟನ್ ಅಮ್ಮ. ಭಾವ ಇಂಗ್ಲಿಷಿನಲ್ಲಿ ಶುರು ಮಾಡಿದರು, ಆಮೇಲೆ ಹಿಂದಿಗೆ ಬಂದರು. ಅಮ್ಮ ಕೈ ಒರೆಸಿಕೊಳ್ಳುತ್ತಾ "ಏನ್ ತಿಂದರಿ ಹೇಳಿ, ತುಕ್ಪಾ ಅದ, ಮೋಮೊ ಅದ" ಅಂದರು. ಅಪ್ಪಟ ಚಾಮರಾಜನಗರ. ನಮ್ಮ ಮೈಸೂರಿನ ಕನ್ನಡವೇ ಅಲ್ಲಿ ಪೇಟೆ ಭಾಷೆ ಅನ್ನಿಸಿತು. ಮೆಕ್ಕೆಜೋಳದ ಬೆಲೆ, ಹಂದಿ ಕಾಟ, ಮಕ್ಕಳೆಲ್ಲ ದೂರ ಹೋಗಿರುವುದು, ಎಲ್ಲ ಅದೇ ಮಾತಿನಲ್ಲಿ. ಪಕ್ಕದ ಹಳ್ಳಿಯ ರೈತನ ಮಾತಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ತುಕ್ಪಾ ಬಿಸಿ ಇತ್ತು, ಖಾರ ನಮ್ಮ ಕಡೆಯದೇ.

ಲೊಕ್ಕನಹಳ್ಳಿ ಮೇಲೆ ಹನೂರು ಸೇರಿ ತಾಳಬೆಟ್ಟಕ್ಕೆ ಬಂದಾಗ ನಾಲ್ಕು ಗಂಟೆ. ಅಲ್ಲಿಂದ ಘಾಟಿ. ಈ ಕಡೆ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆ, ತಮಿಳು ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. ಎಪ್ಪತ್ತೇಳು ಮಲೆ ಅನ್ನುತ್ತಾರೆ. ಪ್ರತಿ ತಿರುವಿನಲ್ಲಿ ಅಕ್ಕ ಒಂದೊಂದು ಎಣಿಸಲು ಶುರು ಮಾಡಿ, ಹನ್ನೊಂದಕ್ಕೆ ತಲೆ ಸುತ್ತಿ ನಿಲ್ಲಿಸಿದಳು. ಘಾಟಿಗೆ ಮುಂಚೆ ತುಕ್ಪಾ ತಿನ್ನಬಾರದಿತ್ತು.

ಬಿಳಿಗಿರಿಯ ಹಸಿರು ಇಲ್ಲಿಲ್ಲ. ಬಿಸಿಲಿಗೆ ಕಾದ, ಬಿದಿರು ಮತ್ತು ಮುಳ್ಳಿನ ಕಾಡು. ಕಣಿವೆ ಮಾತ್ರ ಅದಕ್ಕಿಂತ ಆಳ, ಬೆಟ್ಟದ ಹಿಂದೆ ಬೆಟ್ಟ ಮುಗಿಯುವುದೇ ಇಲ್ಲ. 2013ರಲ್ಲಿ ಇದನ್ನೂ ಅಭಯಾರಣ್ಯ ಮಾಡಿದ್ದಾರೆ, 900 ಚದರ ಕಿಲೋಮೀಟರಿಗೂ ಜಾಸ್ತಿ.

ಸಂಜೆ ಗುಡಿಯ ಹೊರಗೆ ಕಂಸಾಳೆ. ಮಾದಪ್ಪನ ಕಥೆ ಹಾಡುವ ಮೂವರು ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೀಸಿ ಬೆನ್ನ ಹಿಂದೆ, ಕಾಲ ಕೆಳಗೆ, ಪಕ್ಕದವನ ತಾಳಕ್ಕೂ ಬಡಿಯುತ್ತಾರೆ. ಒಂದು ಪೆಟ್ಟೂ ತಪ್ಪುವುದಿಲ್ಲ. ಹಾಡಿದ್ದು ಸಂಕಮ್ಮನ ಕಥೆ. ಗಂಡ ನೀಲಯ್ಯ ಅನುಮಾನದಿಂದ ಅವಳಿಗೆ ಕೊಟ್ಟ ಕಾಟ, ಅವಳು ಮಾದಪ್ಪನನ್ನು ಕೂಗಿದ್ದು, ಕಾರಯ್ಯ ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳ ವರ ಸಿಕ್ಕಿದ್ದು. ಸಂಕಮ್ಮ ಸೋಲಿಗರ ಹೆಣ್ಣು. ಸುತ್ತ ಕೂತ ಹೆಂಗಸರಲ್ಲಿ ಹಲವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಇಲ್ಲಿ ದೇವರು ಭಾವ ಅಲ್ಲ. ಅಪ್ಪ. ಮಾದಪ್ಪ. ಆದರೆ ಕರೆಯುವುದು ಏಕವಚನದಲ್ಲೇ, "ಬಾರೋ ಮಾದೇವ" ಅಂತ. ಹುಲಿ ಮೇಲೆ ಕೂತು ಬೆಟ್ಟ ಸುತ್ತುವ ಅಪ್ಪ. ಆ ಬೆಟ್ಟದಲ್ಲಿ ಹುಲಿಯೇ ವೀರಪ್ಪ, ಇಲ್ಲಿ ಹುಲಿ ಅಪ್ಪನ ಗಾಡಿ. ಅಕ್ಕನಿಗೆ ಇದನ್ನು ಹೇಳಿದೆ. "ಎರಡು ಬೆಟ್ಟಕ್ಕೂ ಸೇರಿ ಒಂದೇ ಸಂಸಾರ" ಅಂದಳು. "ಹೆಣ್ಣು ಕೊಟ್ಟ ಮನೆ ಸೋಲಿಗರದ್ದು."

ನಾಲ್ಕನೇ ದಿನ: ಗೋಪಿನಾಥಂ, ಮತ್ತೆ ಸ್ಟೂಲು

ಬೆಳಿಗ್ಗೆ ಅಂತರಗಂಗೆಯ ಹತ್ತಿರ ಒಬ್ಬ ವಯಸ್ಸಾದವರ ಜೊತೆ ಮಾತಿಗೆ ಕೂತೆವು. ಗುಡಿಯ ಪೂಜೆ ಮಾಡುವುದು ಬೇಡಗಂಪಣರು, ಅವರು ಆ ಮನೆತನದವರು. ದೀಪಾವಳಿಯಲ್ಲಿ ಅವರ ಕುಲದ 101 ಹೆಣ್ಣುಮಕ್ಕಳು ಉಪವಾಸವಿದ್ದು ಕಾಡಿನ ಹಳ್ಳದಿಂದ ಕಳಸದಲ್ಲಿ ನೀರು ಹೊತ್ತು ತರುತ್ತಾರೆ. ಅದಕ್ಕೆ ಹಾಲರವಿ ಅನ್ನುತ್ತಾರೆ. ಅವರ ಮೊಮ್ಮಗಳು ಈ ಸಲ ಹೊತ್ತಿದ್ದಳಂತೆ. "ದಾರೀಲಿ ಆನೆ ಬಂದರೆ?" ಅಂತ ಕೇಳಿದೆ. "ಬರ್ತದ. ನಿಂತ್ಕತದ. ಮಕ್ಕ ಹೋದ್ಮೇಲೆ ಹೋಯ್ತದ" ಅಂದರು, ಎಮ್ಮೆಯ ವಿಷಯ ಹೇಳುವ ಹಾಗೆ.

ಆಮೇಲೆ ಗೋಪಿನಾಥಂ. ವೀರಪ್ಪನ್ ಹುಟ್ಟಿದ ಊರು ಅಂತ ಎಲ್ಲರಿಗೂ ಗೊತ್ತು. ನಾವೂ ಹೋಗಿದ್ದು ಅದೇ ಕುತೂಹಲಕ್ಕೆ, ಸುಳ್ಳು ಹೇಳುವುದೇಕೆ. ಅಲ್ಲಿ ನೋಡಿದ್ದು ಬೇರೆಯವರ ಫೋಟೋ. ಮಾರಿಯಮ್ಮನ ಗುಡಿಯಲ್ಲಿ ಹೂ ಹಾಕಿ ಇಟ್ಟಿರುವುದು ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಅವರದ್ದು. ಬಂದೂಕು ಬಿಟ್ಟು ಊರಿನವರ ಮನಸ್ಸು ಗೆಲ್ಲಬೇಕು ಅಂತ ಇಲ್ಲಿ ಮನೆ ಕಟ್ಟಿಸಿಕೊಟ್ಟರು, ಔಷಧಿ ಕೊಟ್ಟರು, ಈ ಗುಡಿಯನ್ನೂ ಕಟ್ಟಿಸಿದರು. ಶರಣಾಗುತ್ತೇನೆ ಅಂದ ವೀರಪ್ಪನ್ ಮಾತು ನಂಬಿ 1991ರ ನವೆಂಬರ್ 10ರಂದು ಕಾಡಿಗೆ ಹೋದರು. ಅಲ್ಲಿ ವೀರಪ್ಪನ್ ಅವರನ್ನು ಕೊಂದ. ಮರುವರ್ಷ ಸರ್ಕಾರ ಕೀರ್ತಿ ಚಕ್ರ ಕೊಟ್ಟಿತು. ಗುಡಿ ಮುಂದೆ ಹೂ ಕಟ್ಟುತ್ತಿದ್ದ ಹೆಂಗಸು ಫೋಟೋ ಕಡೆ ನೋಡಿ ಕನ್ನಡ ತಮಿಳು ಬೆರೆಸಿ ಏನೋ ಹೇಳಿದರು. ನನಗೆ ಅರ್ಥವಾಗಿದ್ದು ಒಂದೇ ಪದ. ಅಣ್ಣ.

ವಾಪಸ್ಸು ಬೆಟ್ಟಕ್ಕೆ ಬಂದು, ಊಟ ಮಾಡಿ ಹೊರಡುವ ಮುಂಚೆ ಭಾವ ಒಂದು ಕಡೆ ನಿಲ್ಲಿಸಿದರು. ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಸ್ಟೂಲು, ಬುಟ್ಟಿ ಮಾಡುವ ಕೆಲಸ. ಬಿದಿರು ಕೆಲಸ ಗೊತ್ತಿದ್ದ ಇಲ್ಲಿನ ಸೋಲಿಗರಿಗೆ ಏಟ್ರಿ ಎಂಬ ಸಂಶೋಧನಾ ಸಂಸ್ಥೆಯವರು ಈ ದಾರಿ ತೋರಿಸಿದ್ದು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಬಗ್ಗಿಸಬೇಕು. ಆರಿದ ಮೇಲೆ ಬೆತ್ತದ ಹಾಗೆ ನಿಲ್ಲುತ್ತದೆ, ಹುಳ ಹೊಡೆಯುವುದಿಲ್ಲ. ಹೆಣೆಯುತ್ತಿದ್ದವರನ್ನು ಕೇಳಿದೆ, ಹೀಗೆ ಮಾಡುತ್ತಾ ಹೋದರೆ ಕಾಡಿನ ಲಂಟಾನ ಯಾವಾಗ ಮುಗಿಯುತ್ತದೆ ಅಂತ. ಅವರು ಕೈ ನಿಲ್ಲಿಸಿ ನಕ್ಕರು. "ಊರ್ಗೆಲ್ಲ ಕುರ್ಚಿ ಕೊಟ್ರೂ ಮುಗಿಯಲ್ಲ ಸಾ."

ಭಾವ ಒಂದು ಸ್ಟೂಲು ತಗೊಂಡರು. ಡಿಕ್ಕಿಯಲ್ಲಿ ಸ್ಟೆಪ್ನಿ ಮೇಲೆ ಕೂರಿಸಿಕೊಂಡು ರಾತ್ರಿ ಒಂಬತ್ತಕ್ಕೆ ಮೈಸೂರು ಸೇರಿದೆವು.

ನೆಲ್ಲಿಕಾಯಿಯನ್ನು ಅಕ್ಕ ಉಪ್ಪಿನಕಾಯಿ ಹಾಕಿದ್ದಾಳೆ. ಸ್ಟೂಲು ಹಾಲಿನಲ್ಲಿದೆ. ಒಂದು ಕಾಲು ಕೊಂಚ ಅಲ್ಲಾಡುತ್ತದೆ, ತಪ್ಪು ಸ್ಟೂಲಿನದೋ ಮನೆಯ ನೆಲದ್ದೋ ಗೊತ್ತಿಲ್ಲ. ಭಾವ ಜೇಬಿನಲ್ಲಿದ್ದ ಗೇಟಿನ ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ಅದರ ಕೆಳಗೆ ಇಟ್ಟಿದ್ದಾರೆ. ಈಗ ಅಲ್ಲಾಡುವುದಿಲ್ಲ.